ಧರಣಿಗೊಂದು ಕೈ ಮೈಕು: 25 ವ್ಯಾಟಿನ ಮೆಗಾಫೋನ್ ಕರಾವಳಿಯಲ್ಲಿ ಎಷ್ಟು ಬಾಳುತ್ತದೆ, ಎಷ್ಟು ಕೇಳಿಸುತ್ತದೆ

ಪಂಚಾಯತಿ ಅಧ್ಯಕ್ಷರು ಇಳಿಯಬೇಕು ಅನ್ನುವವರೂ, ಅವರೇ ಇರಬೇಕು ಅನ್ನುವವರೂ ಕಾರವಾರ, ಕುಮಟಾ, ಶಿರಸಿಯ ಅಂಗಡಿಗಳಲ್ಲಿ ಕೇಳುವುದು ಒಂದೇ ವಸ್ತು: ಬಿಳಿ ಕಹಳೆ, ಕೆಂಪು ಅಂಚು, ಸುರುಳಿ ವೈರಿನ ಕೈ ಮೈಕು, ಪಕ್ಕದಲ್ಲೊಂದು ಸೈರನ್ ಗುಂಡಿ. 25 ವ್ಯಾಟ್ ಎಂದು ಮಾರುವ ಈ ಮೆಗಾಫೋನು ನೂರು ಜನರೊಳಗಿನ ಧರಣಿಗೆ ಸಾಕು. ಅದಕ್ಕಿಂತ ದೊಡ್ಡ ಸಭೆಗೆ ಇದನ್ನು ನಂಬಬೇಡಿ.

ಡಬ್ಬದ ಮೇಲೆ ‘ಒಂದು ಕಿಲೋಮೀಟರ್ ದೂರ’ ಎಂದು ಬರೆದಿರುತ್ತದೆ. ಸದ್ದೇ ಇಲ್ಲದ ಬಯಲಿನಲ್ಲಿ ಯಾರೋ ಕೂಗುತ್ತಿದ್ದಾರೆ ಎಂದು ಅಷ್ಟು ದೂರಕ್ಕೆ ಗೊತ್ತಾದೀತು, ಏನು ಕೂಗುತ್ತಿದ್ದಾರೆ ಎಂದು ಗೊತ್ತಾಗುವುದಿಲ್ಲ. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಇದ್ದದ್ದು ಹತ್ತು ಮೀಟರಿಗೆ 90, ನೂರು ಮೀಟರಿಗೆ 70. ಹೆದ್ದಾರಿ 66ರ ಪಕ್ಕ ಲಾರಿಗಳ ಗದ್ದಲವೇ ಅಷ್ಟಿರುತ್ತದೆ. ಮಾತು ಅರ್ಥವಾಗಿ ಕೇಳುವುದು 30ರಿಂದ 40 ಮೀಟರಿನವರೆಗೆ ಎಂದಿಟ್ಟುಕೊಂಡೇ ಜನರನ್ನು ನಿಲ್ಲಿಸಿ.

ಕರಾವಳಿಯಲ್ಲಿ ಗಾಳಿಯ ಲೆಕ್ಕವೂ ಬೇಕು. ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ಊರ ಕಡೆ ಬೀಸುತ್ತದೆ. ಗಾಳಿಗೆ ಎದುರಾಗಿ ಕೂಗಿದರೆ ಸದ್ದು ಮೇಲಕ್ಕೆ ಬಾಗಿ ತಲೆಯ ಮೇಲೆ ಹಾದುಹೋಗುತ್ತದೆ. ಕಾರವಾರದ ಟಾಗೋರ್ ಕಡಲತೀರದ ಆಸುಪಾಸಿನಲ್ಲಿ ಸಂಜೆ ಸಭೆ ಇದ್ದರೆ ಮಾತಾಡುವವರ ಬೆನ್ನು ಕಡಲಿಗಿರಲಿ, ಕೇಳುವವರು ಮೂಡಣಕ್ಕಿರಲಿ. ಫೋಟೋದಲ್ಲಿ ಜನರ ಹಿಂದೆ ಕಡಲು ಬಂದರೆ ಚೆಂದ ಎಂದು ಕಡಲಿಗೆ ಮುಖಮಾಡಿ ನಿಂತವರ ಭಾಷಣ ಮೂರನೇ ಸಾಲಿಗೂ ಮುಟ್ಟುವುದಿಲ್ಲ.

ಬಳಸುವ ಕ್ರಮ ಹೀಗೆ. ಮೈಕಿನ ಗುಂಡಿ ಒತ್ತಿ, ಅರ್ಧ ಸೆಕೆಂಡ್ ತಡೆದು ಬಾಯಿ ತೆರೆಯಿರಿ. ಇಲ್ಲದಿದ್ದರೆ ಮೊದಲ ಅಕ್ಷರ ನುಂಗಿಹೋಗಿ ‘ಬೇಕೇ ಬೇಕು’ ಬರೀ ‘ಕೇ ಬೇಕು’ ಆಗುತ್ತದೆ. ಮೈಕು ತುಟಿಯಿಂದ ಎರಡು ಬೆರಳು ದೂರ. ಕಹಳೆ ಎದುರಿನವರ ತಲೆಗಿಂತ ತುಸು ಮೇಲೆ. ವಾಲ್ಯೂಮ್ ಮುಕ್ಕಾಲಿಗೆ ನಿಲ್ಲಿಸಿ. ಪೂರ್ತಿ ತಿರುಗಿಸಿದರೆ ಸದ್ದು ಹೆಚ್ಚುವುದಕ್ಕಿಂತ ಒಡೆಯುವುದೇ ಹೆಚ್ಚು. ಪಂಚಾಯತಿ ಕಟ್ಟಡದ ಗೋಡೆಗೆ ಮೂರ್ನಾಲ್ಕು ಮೀಟರಿನಲ್ಲಿ ಮುಖಮಾಡಿ ಕೂಗಿದರೆ ಸದ್ದು ಗೋಡೆಗೆ ಬಡಿದು ಮೈಕಿಗೇ ಮರಳಿ ‘ಕುಂಯ್’ ಎನ್ನುತ್ತದೆ. ಓರೆಯಾಗಿ ನಿಂತರೆ ಆ ಸೀಟಿ ನಿಲ್ಲುತ್ತದೆ. ಅಧ್ಯಕ್ಷರ ಪರದವರೂ ಇಂಥದ್ದೇ ಇನ್ನೊಂದು ತಂದು ಎದುರಿಗೆ ನಿಂತರೆ ಎರಡರ ಮಾತೂ ಕಲಸಿಹೋಗುತ್ತದೆ, ಕೊನೆಗೆ ಕೇಳಿಸುವುದು ಪೊಲೀಸರ ಸೀಟಿಯೊಂದೇ.

ಈ ಕಹಳೆ ದಪ್ಪ ಸ್ವರಗಳನ್ನು ಬಿಟ್ಟುಬಿಡುತ್ತದೆ, ನಡುವಿನವನ್ನು ಮಾತ್ರ ದಾಟಿಸುತ್ತದೆ. ಹಾಗಾಗಿ ಘೋಷಣೆಯ ಆಯ್ಕೆಯೂ ಮುಖ್ಯ. ‘ರಾಜೀನಾಮೆ ಕೊಡಿ’, ‘ಲೆಕ್ಕ ತೋರಿಸಿ’ ಸಲೀಸಾಗಿ ದಾಟುತ್ತವೆ. ‘ಭ್ರಷ್ಟಾಚಾರನಿರತ ದುರಾಡಳಿತಕ್ಕೆ’ ಎಂದರೆ ಇಪ್ಪತ್ತು ಮೀಟರಿನಲ್ಲೇ ಮುದ್ದೆಯಾಗುತ್ತದೆ. ಮನವಿ ಓದುವವರು ವಾಕ್ಯಕ್ಕೊಂದು ಉಸಿರು ಬಿಡಬೇಕು.

ಸೈರನ್ ಗುಂಡಿಯ ಬಗ್ಗೆ ಒಳ್ಳೆಯ ಮಾತೇ ಇಲ್ಲ. ಮಕ್ಕಳ ಕೈಗೆ ಸಿಕ್ಕರಂತೂ ಸೆಲ್ಲು ಖಾಲಿಯಾಗುವವರೆಗೆ ಬಿಡುವುದಿಲ್ಲ. ಗುಂಡಿಯ ಮೇಲೆ ಇನ್ಸುಲೇಷನ್ ಟೇಪು ಸುತ್ತಿ ಮುಗಿಸಿ.

‘ಎಂತಕ್ಕೆ ಬೊಬ್ಬೆ ಹೊಡಿತ್ರಿ? ಮೆಂಬರ್ ನಿಮ್ ಕಡೆ ಇದ್ರೆ ಅವಿಶ್ವಾಸ ತನ್ನಿ’ ಎಂಬುದು ಅಧ್ಯಕ್ಷರ ಕಡೆಯವರ ಕಾಯಂ ಮಾತು. ಅದರಲ್ಲಿ ಅರ್ಧ ನಿಜವಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 49ನೇ ಪ್ರಕರಣದಂತೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸಹಿ ಹಾಕಬೇಕು, ಹತ್ತು ದಿನದ ನೋಟಿಸ್ ಕೊಡಬೇಕು, ಮೂರನೇ ಎರಡರಷ್ಟು ಸದಸ್ಯರು ಪರವಾಗಿ ನಿಲ್ಲಬೇಕು. 12 ಸದಸ್ಯರಿದ್ದರೆ 8 ಮತ ಬೇಕು. 7 ಸಿಕ್ಕರೂ ಅಧ್ಯಕ್ಷರು ಅಲ್ಲಾಡುವುದಿಲ್ಲ. ಆ ಲೆಕ್ಕವನ್ನು ಯಾವ ಮೆಗಾಫೋನೂ ಬದಲಿಸದು. ಆದರೆ ನಲ್ಲಿಯಲ್ಲಿ ನೀರು ಬಾರದ ಮನೆಯವರು ಸದಸ್ಯರಲ್ಲವಲ್ಲ. ಅವರಿಗೆ ಉಳಿದದ್ದು ಗ್ರಾಮಸಭೆ ಮತ್ತು ಕಟ್ಟಡದ ಮುಂದಿನ ಜಾಗ. ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19(1)(ಬಿ) ವಿಧಿಯದ್ದು, ಅಧ್ಯಕ್ಷರ ಕೃಪೆಯದ್ದಲ್ಲ. ಆದ್ದರಿಂದ ‘ಇಳಿಯಿರಿ’ ಎಂದು ದಿನವಿಡೀ ಕೂಗುವುದಕ್ಕಿಂತ ‘ಯಾವ ಕಾಮಗಾರಿಯ ಬಿಲ್ಲು, ಎಷ್ಟು ಹಣ, ಯಾವ ದಿನದೊಳಗೆ ಉತ್ತರ’ ಎಂದು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಕಿವಿಗೆ ಬೀಳುವಂತೆ ಓದುವುದರಲ್ಲೇ ಈ ಉಪಕರಣದ ಹಣ ಹುಟ್ಟುತ್ತದೆ. ಓದಿದ ಕಾಗದಕ್ಕೆ ಕಚೇರಿಯ ಮೊಹರು, ಇನ್‌ವರ್ಡ್ ನಂಬರು ಹಾಕಿಸಿಕೊಂಡೇ ಎದ್ದು ಬನ್ನಿ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಕಾರವಾರದ ಮೀನುಗಾರರು ಬೀದಿಗಿಳಿದಾಗಲೂ ಹೈಕೋರ್ಟಿನಲ್ಲಿ ಕಾಗದ ಜೊತೆಜೊತೆಗೇ ನಡೆದಿತ್ತು. (ಮರ ತಬ್ಬಿ ಕಾಡು ಉಳಿಸಹೊರಟ 1983ರ ಅಪ್ಪಿಕೋ ಚಳವಳಿಯಲ್ಲಿ ಶಿರಸಿ ಕಡೆಯವರಿಗೆ ಕಹಳೆಯ ಹಂಗಿರಲಿಲ್ಲ, ಕೊಡಲಿಗೂ ಮರಕ್ಕೂ ನಡುವೆ ನಿಂತಿದ್ದೇ ಬೇಡಿಕೆಯಾಗಿತ್ತು. ಪಂಚಾಯತಿ ಲೆಕ್ಕಪತ್ರವನ್ನು ಹಾಗೆ ತಬ್ಬಿಕೊಳ್ಳಲಾಗದು.)

ಅನುಮತಿಯ ವಿಷಯ. 2000ದ ಶಬ್ದಮಾಲಿನ್ಯ ನಿಯಮ ಈ ಚಿಕ್ಕ ಕಹಳೆಗೂ ಅನ್ವಯವೆಂದೇ ತಿಳಿದು ಲಿಖಿತ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತಲಿನ 100 ಮೀಟರಿನೊಳಗೂ ಬೇಡ. ಹಳ್ಳಿಗಳಲ್ಲಿ ಪಂಚಾಯತಿ ಕಟ್ಟಡಕ್ಕೆ ಅಂಟಿಕೊಂಡೇ ಶಾಲೆ ಇರುವುದು ಮಾಮೂಲು. ಅಂಥಲ್ಲಿ ರಜೆಯ ದಿನ ಹುಡುಕಿದರೆ ಕಚೇರಿಗೂ ರಜೆ! ಟೇಪು ಹಿಡಿದು ಅಳೆದು ಜಾಗ ಗೊತ್ತುಮಾಡಿ, ಆ ಜಾಗವನ್ನೇ ಅರ್ಜಿಯಲ್ಲಿ ಬರೆಯಿರಿ. ಬ್ಯಾನರಿಗೆ ಬಟ್ಟೆಯೇ ಆಗಲಿ. ಪ್ಲಾಸ್ಟಿಕ್ ಫ್ಲೆಕ್ಸು ರಾಜ್ಯದಲ್ಲಿ 2016ರಿಂದ ನಿಷೇಧ.

ಬಾಳಿಕೆಯಲ್ಲಿ ಇದರ ಶತ್ರು ಉಪ್ಪುಗಾಳಿ. ಮೊದಲು ಹಾಳಾಗುವುದು ಸೆಲ್ಲಿನ ಸ್ಪ್ರಿಂಗು: ಹಸಿರು ಪಾಚಿಯಂಥ ಕಿಲುಬು ಕಟ್ಟಿ ಕರೆಂಟು ಹರಿಯುವುದಿಲ್ಲ, ದನಿ ಬಂದುಬಂದು ಹೋಗುತ್ತದೆ. ಸಣ್ಣ ಉಪ್ಪುಕಾಗದದಿಂದ ಉಜ್ಜಿ, ತೆಳುವಾಗಿ ವ್ಯಾಸಲೀನ್ ಸವರಿದರೆ ಮಳೆಗಾಲ ದಾಟುತ್ತದೆ. ಎರಡನೆಯದು ಸುರುಳಿ ವೈರು. ಮೈಕಿನ ಬುಡದಲ್ಲೇ ಒಳಗೊಳಗೆ ತುಂಡಾಗುತ್ತದೆ. ರೇಡಿಯೋ ರಿಪೇರಿಯವರು ಒಂದಿಂಚು ಕತ್ತರಿಸಿ ಮತ್ತೆ ಬೆಸುಗೆ ಹಾಕಿ ಕೊಡುತ್ತಾರೆ. ಮೈಕಿನ ಜಾಲರಿಗೆ ಮಳೆನೀರು ಹೋದರೆ ದನಿ ಗೊಗ್ಗರಾಗುತ್ತದೆ. ಬಿಸಿಲಲ್ಲಿಟ್ಟು ಒಣಗಿಸಿ, ಒಲೆಯ ಹತ್ತಿರ ಬೇಡ.

ಸೆಲ್ಲು ಕೊಳ್ಳುವಾಗ ಜಿಪುಣತನ ಮಾಡಬೇಡಿ. ದಪ್ಪ ಸೆಲ್ಲು ಎಂಟು ಹಾಕುವ ಮಾದರಿಗೆ 12 ವೋಲ್ಟ್ ಸಿಗುತ್ತದೆ. ಆಲ್ಕಲೈನ್ ಸೆಲ್ಲಾದರೆ ದಿನದ ಧರಣಿ ನಿರಾಯಾಸ. ಸಾದಾ ಟಾರ್ಚ್ ಸೆಲ್ಲು ಜೋರು ದನಿಗೆ ವೋಲ್ಟೇಜ್ ಕುಸಿದು ಮಧ್ಯಾಹ್ನಕ್ಕೇ ಸೊರಗುತ್ತದೆ. ಹಳೆಯ ನಾಲ್ಕು, ಹೊಸ ನಾಲ್ಕು ಬೆರೆಸಿದರೆ ಸೋತ ಸೆಲ್ಲು ಉಲ್ಟಾ ಚಾರ್ಜಾಗಿ ಸೋರುತ್ತದೆ, ಪೆಟ್ಟಿಗೆಯೇ ಹಾಳು. ಒಳಗೇ ಚಾರ್ಜ್ ಆಗುವ ಮಾದರಿ ಅಗ್ಗ ಅನಿಸುತ್ತದೆ. ಬ್ಯಾಟರಿ ಸತ್ತಾಗ ಅದೇ ಅಳತೆಯದ್ದು ನಮ್ಮ ಕಡೆ ಹುಡುಕಿ ಸಿಗುವುದು ಕಷ್ಟ. ಸೆಲ್ಲಿನದ್ದೂ ನಡೆಯುವ, ಹೊರಗಿನ 12 ವೋಲ್ಟ್ ಪಿನ್ನೂ ಇರುವ ಮಾದರಿ ಸಿಕ್ಕರೆ ಅದೇ ಉತ್ತಮ.

ಜನ ನೂರು ದಾಟುವ ಅಂದಾಜಿದ್ದರೆ ಸೌಂಡ್ ಸರ್ವಿಸಿನವರಿಂದ ಎರಡು ಹಾರ್ನ್, ಒಂದು ಆಂಪ್ಲಿಫೈಯರ್, ಕಾರ್ ಬ್ಯಾಟರಿ ಬಾಡಿಗೆಗೆ ತನ್ನಿ. ಅಂಥ ದಿನವೂ ಮೆಗಾಫೋನನ್ನು ಮನೆಯಲ್ಲಿ ಬಿಡಬೇಡಿ. ಮೆರವಣಿಗೆಯ ಹಿಂದಿನ ಸಾಲನ್ನು ರಸ್ತೆಯ ಬದಿಗೆ ಸರಿಸಲು, ಆಂಬುಲೆನ್ಸಿಗೆ ದಾರಿ ಬಿಡಿಸಲು ಅದೇ ಬೇಕು. ಧರಣಿ ಮುಗಿದ ಸಂಜೆಯೇ ಸೆಲ್ಲು ತೆಗೆದು ಬೇರೆ ಇಡಿ.