ಮೇ ತಿಂಗಳಿನ ಅಂಡಮಾನ್ ಪ್ಯಾಕೇಜ್: ಮುಂಗಡ ಕೊಡುವ ಮೊದಲು ಇದನ್ನು ಓದಿ

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಅಂಡಮಾನ್ ಪ್ಯಾಕೇಜಿನ ಜಾಹೀರಾತುಗಳು ಮೊಬೈಲಿಗೆ ಬಂದು ಬೀಳಲು ಶುರುವಾಗುತ್ತವೆ. ನೀಲಿ ನೀರು, ಬಿಳಿ ಮರಳು, ಕೆಳಗೆ ದಪ್ಪ ಅಕ್ಷರಗಳಲ್ಲಿ ಬೇಸಿಗೆಯ ವಿಶೇಷ ರಿಯಾಯಿತಿ. ಜನವರಿಯಲ್ಲಿ ಕೈಗೆಟುಕದ ಹೋಟೆಲು ಮೇ ತಿಂಗಳಿನಲ್ಲಿ ಏಕೆ ಅಗ್ಗವಾಗುತ್ತದೆ ಎಂಬುದನ್ನು ಮಾತ್ರ ಅವರು ಬರೆಯುವುದಿಲ್ಲ. ಕಳೆದ ಮೇ ತಿಂಗಳಿನಲ್ಲಿ ಅತ್ತೆ, ಮಾವ, ಮಕ್ಕಳ ಸಮೇತ ಹೋಗಿ ನಾವು ಪಟ್ಟ ಪಾಡು ಇನ್ನೊಂದು ಕುಟುಂಬಕ್ಕೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ದ್ವೀಪಗಳ ಬಗ್ಗೆಯಾಗಲಿ ಅಲ್ಲಿನ ಜನರ ಬಗ್ಗೆಯಾಗಲಿ ನನ್ನದು ಒಂದು ದೂರೂ ಇಲ್ಲ. ಎಲ್ಲ ಗೊತ್ತಿದ್ದೂ ಬಾಯಿಬಿಡದೆ ಹಣ ಕಟ್ಟಿಸಿಕೊಂಡ ಟ್ರಾವೆಲ್ಸ್‌ನವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನಾವು ದಾವಣಗೆರೆಯವರು, ಬಿಸಿಲು ನಮಗೆ ಹೊಸದಲ್ಲ. "ಅಲ್ಲಿ 32 ಡಿಗ್ರಿ ಮೇಡಂ, ನಿಮ್ಮ ಊರಿಗಿಂತ ತಂಪು" ಎಂದು ಟ್ರಾವೆಲ್ಸ್‌ನವರು ಹೇಳಿದಾಗ ಅತ್ತೆಯವರೇ ಖುಷಿಯಿಂದ ತಲೆಯಾಡಿಸಿದ್ದರು. ಅಂಕಿ ಸುಳ್ಳಲ್ಲ. ಆದರೆ ನಮ್ಮ ಬಯಲುಸೀಮೆಯಲ್ಲಿ 38 ಡಿಗ್ರಿಯಿದ್ದರೂ ಗಾಳಿ ಒಣಗಿರುತ್ತದೆ, ಬೆವರು ಆರುತ್ತದೆ, ನೆರಳಿಗೆ ಬಂದರೆ ಜೀವ ಬರುತ್ತದೆ. ಸುತ್ತಲೂ ಸಮುದ್ರವಿರುವ ಆ ದ್ವೀಪಗಳಲ್ಲಿ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಮೈಯ ಶಾಖ ಇಳಿಯುವುದಿಲ್ಲ. ನೆರಳಿನಲ್ಲಿ ಕುಳಿತರೂ ಅದೇ ಸೆಕೆ. ಮಂಗಳೂರು, ಕಾರವಾರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಂಥ ಒಳನಾಡಿನವರು, ಅದರಲ್ಲೂ ವಯಸ್ಸಾದವರು, ಸುಲಭವಾಗಿ ಸಿಕ್ಕಿಬೀಳುತ್ತಾರೆ.

ಇದರ ಜೊತೆಗೆ ಗಡಿಯಾರದ ಸಮಸ್ಯೆಯೊಂದಿದೆ. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ರೇಖಾಂಶದಷ್ಟು ಪೂರ್ವಕ್ಕಿದೆ. ಎಂದರೆ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಮುಂದೆ, ಆದರೆ ಕೈಗಡಿಯಾರ ತೋರಿಸುವುದು ಅದೇ ಭಾರತೀಯ ಸಮಯವನ್ನು. ಮೇ ತಿಂಗಳಿನಲ್ಲಿ ಬೆಳಗಿನ ಐದಕ್ಕೆಲ್ಲ ಬೆಳಕು ಹರಿದಿರುತ್ತದೆ, ಹನ್ನೊಂದೂಕಾಲರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ, ಸಂಜೆ ಐದೂವರೆ ದಾಟಿದರೆ ಮುಳುಗಿಯಾಯಿತು. ನಮ್ಮ ಪ್ಯಾಕೇಜಿನಲ್ಲಿ ದಿನವೂ ಹತ್ತು ಗಂಟೆಗೆ ಹೊರಡುವುದೆಂದಿತ್ತು. ಅಷ್ಟು ಹೊತ್ತಿಗೆ ಊರಿನ ಅಟೋ ಚಾಲಕರೂ ಮರದ ನೆರಳು ಹುಡುಕಿಕೊಂಡಿದ್ದರು.

ಸೆಲ್ಯುಲರ್ ಜೈಲಿಗೆ ನಮ್ಮನ್ನು ಕರೆದೊಯ್ದದ್ದು ಆ ಹೊತ್ತಿಗೇ. ಒಂದು ಕಾಲದ ಏಳು ಸಾಲು ಕಟ್ಟಡಗಳಲ್ಲಿ ಈಗ ಉಳಿದಿರುವುದು ಮೂರು. ಕೋಣೆಗಳ ಮುಂದಿನ ಉದ್ದನೆಯ ಮೊಗಸಾಲೆಯಲ್ಲಿ ಅತ್ತೆ ಒಂದೊಂದು ಬಾಗಿಲಿನ ಮುಂದೆಯೂ ನಿಂತು ಒಳಗೆ ನೋಡುತ್ತಿದ್ದರು. ಮಹಡಿ ಹತ್ತಿ ಬಂದವರು ಕಂಬಿ ಹಿಡಿದು ನಿಂತುಬಿಟ್ಟರು. "ಅತ್ತೆ, ನೀರು ಕುಡಿಯಿರಿ" ಎಂದು ಬಾಟಲಿ ಕೊಟ್ಟರೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಮುಚ್ಚಳ ತೆಗೆಯಬೇಕೆಂಬುದು ತೋಚುತ್ತಿರಲಿಲ್ಲ. ಮುಖ ಕೆಂಪಾಗಿತ್ತು, ಮಾತು ತೊದಲುತ್ತಿತ್ತು. ಕಾವಲಿನ ಸಿಬ್ಬಂದಿಯೊಬ್ಬರು ಓಡಿಬಂದು ಅವರನ್ನು ಕೆಳಗಿಳಿಸಿ, ಫ್ಯಾನಿನ ಕೆಳಗೆ ಮಲಗಿಸಿ, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಹಾಕಿಸಿದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ವೈದ್ಯರು, ಮಾತು ತೊದಲುವುದು, ಗೊಂದಲಗೊಳ್ಳುವುದು ಕಂಡರೆ ಒಂದು ನಿಮಿಷವೂ ತಡಮಾಡಬಾರದು ಎಂದರು. ಅತ್ತೆ ಸುಧಾರಿಸಿಕೊಂಡರು. ಆ ಸಿಬ್ಬಂದಿಯ ಋಣ ನಮ್ಮ ಮೇಲಿದೆ.

ಇಷ್ಟಾದರೂ ಹೋಟೆಲಿನಲ್ಲಿ ಸ್ನಾನಕ್ಕೆ ನೀರು ಹಿಡಿದು ಹಿಡಿದು ಬಿಡುತ್ತಿದ್ದರು. ಪೋರ್ಟ್ ಬ್ಲೇರ್ ಊರಿಗೆ ನೀರು ಬರುವುದು ಮುಖ್ಯವಾಗಿ ಧನಿಕಾರಿ ಜಲಾಶಯದಿಂದ, ಮಳೆಗೆ ಮುಂಚೆ ಅದು ತಳ ಹಿಡಿಯುತ್ತದೆ. ಸ್ಥಳೀಯರೇ ದಿನ ಬಿಟ್ಟು ಬರುವ ನಲ್ಲಿಗೆ ಕಾಯುವ ಕಾಲದಲ್ಲಿ ಪ್ರವಾಸಿಗರಿಗೆ ಧಾರಾಳವಾಗಿ ಸಿಗಲಿ ಎಂದು ಕೇಳುವುದೂ ನ್ಯಾಯವಲ್ಲ.

ಇನ್ನು ಸಮುದ್ರದ ವಿಷಯ. ಮುಂಗಾರು ಎಂದರೆ ಜೂನ್ ಎಂಬುದು ನಮ್ಮ ಲೆಕ್ಕ. ಕೇರಳಕ್ಕೆ ಬರುವ ಮೊದಲೇ ಅದು ಅಂಡಮಾನ್ ಸಮುದ್ರವನ್ನು ಮುಟ್ಟುತ್ತದೆ, ವಾಡಿಕೆಯಂತೆ ಮೇ ಮೂರನೆಯ ವಾರದ ಆಸುಪಾಸು. 2025ರಲ್ಲಿ ಮೇ 13ಕ್ಕೇ ನಿಕೋಬಾರ್ ತಲುಪಿತ್ತು. ಬಂಗಾಳ ಕೊಲ್ಲಿಯಲ್ಲಿ ಈ ತಿಂಗಳಿನಲ್ಲೂ ಚಂಡಮಾರುತಗಳು ಏಳುತ್ತವೆ. 2022ರ ಅಸಾನಿ, 2023ರ ಮೋಖಾ ಎರಡೂ ಮೇ ತಿಂಗಳಿನವು. ಬಿರುಬಿಸಿಲಿಗೂ ಬಿರುಗಾಳಿಗೂ ನಡುವೆ ಅಲ್ಲಿ ಬಿಡುವೇ ಇರುವುದಿಲ್ಲ. ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಕಡಲತೀರ ಪಶ್ಚಿಮಕ್ಕೆ ಮುಖಮಾಡಿದೆ, ನೈಋತ್ಯದ ಗಾಳಿ ನೇರವಾಗಿ ಅದಕ್ಕೇ ಬಡಿಯುತ್ತದೆ. ಜಾಹೀರಾತಿನ ತಿಳಿನೀಲಿ ನೀರಿನ ಬದಲು ನಾವು ಕಂಡದ್ದು ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ.

ಹ್ಯಾವ್‌ಲಾಕ್ ಎಂದರೆ ಸ್ವರಾಜ್ ದ್ವೀಪ. 2018ರಿಂದ ಅಧಿಕೃತ ಹೆಸರು ಅದೇ. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ ನೋಡುವಾಗ ಗಾಬರಿಯಾಗಬೇಡಿ. ಆ ದ್ವೀಪಕ್ಕೆ ಹೋಗಿಬರಲು ಪ್ರವಾಸಿಗರಿಗೆ ಬಹುಮಟ್ಟಿಗೆ ಹಡಗೇ ದಾರಿ ಎಂಬುದನ್ನು ಮಾತ್ರ ನೆನಪಿಡಿ. ನಮ್ಮ ಕೊನೆಯ ರಾತ್ರಿಯನ್ನು ಅಲ್ಲಿಯೇ ಇಟ್ಟಿದ್ದರು: ಬೆಳಿಗ್ಗೆ ಹಡಗು, ಇಳಿದ ಕೂಡಲೇ ಬೆಂಗಳೂರಿನ ವಿಮಾನ. ರಾತ್ರಿಯೆಲ್ಲ ಗಾಳಿ ಬೀಸಿತು. ಬೆಳಿಗ್ಗೆ ಜೆಟ್ಟಿಗೆ ಹೋದರೆ ಗೇಟು ಮುಚ್ಚಿತ್ತು, ಹಡಗು ಬಿಡಬಾರದೆಂದು ಬಂದರಿನವರ ಆದೇಶವಾಗಿತ್ತು. ಅದು ಸರಿಯಾದ ಆದೇಶವೇ. ಆ ಅಲೆಗಳನ್ನು ನೋಡಿದ ಯಾರೂ ಹಡಗು ಬಿಡಿ ಎನ್ನುವುದಿಲ್ಲ. ಸೂಟ್‌ಕೇಸುಗಳ ಮೇಲೆ ಕುಳಿತ ಜನ, ಅಳುವ ಕೂಸುಗಳು, ನೆಟ್‌ವರ್ಕ್ ಸಿಗದೆ ಫೋನನ್ನು ಮೇಲೆತ್ತಿ ಹಿಡಿದವರು. ಮಾವನವರ ರಕ್ತದೊತ್ತಡದ ಮಾತ್ರೆ ಮುಗಿದಿತ್ತು. ನಮ್ಮ ವಿಮಾನ ನಮ್ಮನ್ನು ಬಿಟ್ಟು ಹೋಯಿತು.

ಕೊನೆಗೆ ಟ್ರಾವೆಲ್ಸ್‌ನವರು ಸಿಕ್ಕಾಗ ಹೇಳಿದ್ದು ಇಷ್ಟೇ: "ಪ್ರಕೃತಿ ವಿಕೋಪ ಮೇಡಂ, ನಮ್ಮ ಕೈಲಿಲ್ಲ." ಹೆಚ್ಚುವರಿ ರಾತ್ರಿಗಳ ಬಾಡಿಗೆ, ಊಟ, ಕೇಳಿದ ಬೆಲೆಗೆ ಹೊಸ ವಿಮಾನ ಟಿಕೆಟ್ ಎಲ್ಲವೂ ನಮ್ಮ ತಲೆಗೇ ಬಂತು. ರಿಯಾಯಿತಿಯಲ್ಲಿ ಉಳಿದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮಳೆ ಅವರ ಕೈಲಿಲ್ಲ, ಒಪ್ಪಿದೆ. ಮೇ ಕೊನೆಯ ವಾರದಲ್ಲಿ ಕೊನೆಯ ರಾತ್ರಿಯನ್ನು ಸಮುದ್ರದಾಚೆ ಇಡುವುದು ಅವರ ಕೈಲೇ ಇತ್ತಲ್ಲ?

ಸಾಧ್ಯವಿದ್ದರೆ ಡಿಸೆಂಬರ್ ಕೊನೆಯಿಂದ ಮಾರ್ಚ್ ಮೊದಲ ವಾರಗಳೊಳಗೆ ಹೋಗಿ. ಸಮುದ್ರ ಶಾಂತವಾಗಿರುತ್ತದೆ, ಸೆಕೆಯೂ ತಾಳಿಕೊಳ್ಳುವಷ್ಟಿರುತ್ತದೆ. ದರ ಹೆಚ್ಚು, ಆದರೂ ಅದೇ ಅಗ್ಗ. ಶಾಲೆಯ ರಜೆಯಿಂದಾಗಿ ಬೇಸಿಗೆಯೇ ಗತಿಯೆಂದಾದರೆ ಏಪ್ರಿಲ್ ಮೊದಲ ಅರ್ಧದಲ್ಲಿ ಹೋಗಿ, ಹೃದಯದ ತೊಂದರೆ ಅಥವಾ ರಕ್ತದೊತ್ತಡವಿರುವ ಹಿರಿಯರನ್ನು ವೈದ್ಯರನ್ನು ಕೇಳದೆ ಕರೆದೊಯ್ಯಬೇಡಿ. ಸುತ್ತಾಟ ಬೆಳಿಗ್ಗೆ ಒಂಬತ್ತರೊಳಗೆ, ಮತ್ತೆ ಮೂರರ ಮೇಲೆ. ಬಿಸಿಲೇರಿದಾಗ ಕೋಣೆಯಲ್ಲಿರಿ.

ಈಗಾಗಲೇ ಹಣ ಕಟ್ಟಿದ್ದರೆ ಇವತ್ತೇ ಫೋನ್ ಮಾಡಿ ದಿನಗಳ ಕ್ರಮ ಬದಲಿಸಿ. ವಿಮಾನ ಇಳಿದ ಮರುದಿನವೇ ದೂರದ ದ್ವೀಪಗಳಿಗೆ ಹೋಗಿಬನ್ನಿ, ಜೈಲು, ವಸ್ತುಸಂಗ್ರಹಾಲಯ ಎಲ್ಲವನ್ನೂ ಕೊನೆಗಿಡಿ. ಕೊನೆಯ ಎರಡು ರಾತ್ರಿಗಳು ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಹಡಗು ರದ್ದಾದರೆ ವಸತಿ ಮತ್ತು ಟಿಕೆಟ್ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ. ಬಾಯಿಮಾತಿನ ಭರವಸೆ ಜೆಟ್ಟಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಔಷಧವನ್ನು ಒಂದು ವಾರಕ್ಕೆ ಹೆಚ್ಚಾಗುವಷ್ಟು, ನಗದನ್ನು ನಾಲ್ಕು ದಿನದ ಖರ್ಚಿಗಾಗುವಷ್ಟು ಕೈಚೀಲದಲ್ಲಿಡಿ. ಬರೆದುಕೊಡಲು ಅವರು ಒಪ್ಪದಿದ್ದರೆ ಉಳಿದ ಕಂತು ಕಟ್ಟಬೇಡಿ.