ಪಂಚಾಯ್ತಿ ನೀರು ಪರೀಕ್ಷಾ ಕಿಟ್: ವಿಮಾನ ನಿಲ್ದಾಣದ ಮಗ್ಗುಲ ಹಳ್ಳಕ್ಕೆ ಎಷ್ಟು ನಂಬಬಹುದು?

ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದಂಥ ದೊಡ್ಡ ಕಾಮಗಾರಿಯ ಪಕ್ಕ ಕೆರೆಯೋ ಹಳ್ಳವೋ ಇರುವ ಊರಿನವರ ಕೈಗೆ ಸುಲಭವಾಗಿ ಸಿಗುವ ಸಾಧನ ಒಂದೇ, ಗ್ರಾಮ ಪಂಚಾಯ್ತಿ ಬೀರುವಿನಲ್ಲಿರುವ ನೀರು ಪರೀಕ್ಷಾ ಕಿಟ್. ಜಲ ಜೀವನ್ ಮಿಷನ್, ಅಂದರೆ ನಮ್ಮಲ್ಲಿನ ‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ಹಳ್ಳಿಗೆ ಐವರು ಮಹಿಳೆಯರಿಗೆ ಇದರ ತರಬೇತಿ ಕೊಡಬೇಕೆಂಬ ನಿಯಮವೂ ಇದೆ. ಕೊಳವೆಬಾವಿ ನೀರಿಗೆ ಈ ಕಿಟ್‌ಗೆ ಹತ್ತಕ್ಕೆ ಎಂಟು ಅಂಕ ಧಾರಾಳವಾಗಿ ಕೊಡಬಹುದು. ಮಳೆ ಹೊಯ್ದಾಗ ಅಗೆದ ಮಣ್ಣು, ಡಾಂಬರು, ಕಾಂಕ್ರೀಟು ತೊಳೆದುಕೊಂಡು ಬರುವ ನೀರಿಗೆ ಮೂರೇ ಅಂಕ. ಜೊತೆಗೆ ಮೂರು ಸಾಮಾನು ಸೇರಿಸಿಕೊಂಡರೆ ಏಳರವರೆಗೂ ಏರಿಸಬಹುದು.

ಮೂರೇ ಯಾಕೆ ಅಂದರೆ, ಕಿಟ್ ನೋಡುವುದು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ), ಗಡಸುತನ, ಕ್ಷಾರತೆ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ, ಉಳಿಕೆ ಕ್ಲೋರಿನ್ ಇಂಥವನ್ನು. ಫ್ಲೋರೈಡು, ಗಡಸುತನ ಹೆಚ್ಚಾಗಿ ಕಲ್ಲುಬಂಡೆಯಿಂದ ಬರುವಂಥವು, ವಿಮಾನ ನಿಲ್ದಾಣಕ್ಕೂ ಅವಕ್ಕೂ ಸಂಬಂಧವಿಲ್ಲ. ಹಳ್ಳದಲ್ಲಿ ನೈಟ್ರೇಟ್ ಏರಿದರೆ ಮೊದಲು ಅನುಮಾನ ಪಡಬೇಕಾದ್ದು ಆಲೂಗಡ್ಡೆ, ಜೋಳದ ಹೊಲದ ಗೊಬ್ಬರವನ್ನು. ಕಟ್ಟುವ ಹಂತದಲ್ಲಿ ನಿಜಕ್ಕೂ ಹರಿದು ಬರುವುದು ಹೂಳು, ಸಿಮೆಂಟ್ ನೀರು, ಡೀಸೆಲ್, ಗ್ರೀಸ್. ವಿಮಾನ ಹಾರಾಟ ಶುರುವಾದ ಮೇಲೆ ಇಂಧನ, ಟೈರಿನ ರಬ್ಬರ್ ಪುಡಿ, ಅದರ ಜೊತೆಗಿನ ಸತು, ಅಗ್ನಿಶಾಮಕ ನೊರೆ. ಇವುಗಳ ಪೈಕಿ ಕಿಟ್ ನೆಚ್ಚುವಂತೆ ಹಿಡಿಯುವುದು ಸಿಮೆಂಟ್ ನೀರನ್ನು ಮಾತ್ರ, ಅದೂ ಪಿಎಚ್ ಮೂಲಕ.

ಇನ್ನೊಂದು ತೊಡಕು ನಮ್ಮ ಕೆಮ್ಮಣ್ಣು. ಕಿಟ್‌ನ ಹೆಚ್ಚಿನ ಪರೀಕ್ಷೆಗಳು ಬಣ್ಣ ನೋಡಿ ಹೇಳುವಂಥವು, ಬಗ್ಗಡ ನೀರಿಗೆ ಔಷಧಿ ಹಾಕಿದರೆ ಓದುವುದು ಮಣ್ಣಿನ ಬಣ್ಣವನ್ನೇ. ಕಬ್ಬಿಣದ ಪರೀಕ್ಷೆಯಲ್ಲಂತೂ ಆಮ್ಲದ ಔಷಧಿ ಮಣ್ಣಿನೊಳಗಿನ ಕಬ್ಬಿಣವನ್ನೂ ಕರಗಿಸಿ ಸುಳ್ಳೇ ದೊಡ್ಡ ಸಂಖ್ಯೆ ತೋರಿಸುತ್ತದೆ. ಅದನ್ನು ಹಿಡಿದುಕೊಂಡು ‘ನೀರು ವಿಷವಾಗಿದೆ’ ಎಂದು ಅರ್ಜಿ ಬರೆದರೆ ಎದುರಿನ ಎಂಜಿನಿಯರ್ ಎರಡೇ ಮಾತಲ್ಲಿ ಬಾಯಿ ಮುಚ್ಚಿಸುತ್ತಾನೆ. ನೀರನ್ನು ರಾತ್ರಿಯಿಡೀ ತಣ್ಣಗೆ ಇಟ್ಟು, ಮೇಲಿನ ತಿಳಿಯನ್ನು ಫಿಲ್ಟರ್ ಕಾಗದದಲ್ಲಿ ಸೋಸಿ ಬಳಸಿ. ಆಮೇಲೂ ಕೆಂಪು ಉಳಿದರೆ, ಔಷಧಿ ಹಾಕದ ಅದೇ ನೀರಿನ ಇನ್ನೊಂದು ಟ್ಯೂಬನ್ನು ಬಣ್ಣದ ಪಟ್ಟಿಯ ಮುಂದೆ ಹಿಡಿದು ಹೋಲಿಸಿ. ತಿಳಿಯಾಗಲೆಂದು ಪಟಿಕ ಹಾಕಬೇಡಿ, ಅದು ಪಿಎಚ್ಚನ್ನೂ ಕ್ಷಾರತೆಯನ್ನೂ ಕೆಳಗಿಳಿಸುತ್ತದೆ. ಪಿಎಚ್ ಮಾತ್ರ ಸೋಸದೆ, ತಡಮಾಡದೆ, ಹಳ್ಳದ ದಡದಲ್ಲೇ ನೋಡಬೇಕು.

ಬ್ಯಾಕ್ಟೀರಿಯಾ ಪತ್ತೆಗೆ ಕೊಡುವ ಎಚ್‌ಟುಎಸ್ ಶೀಶೆಯನ್ನು ಹಳ್ಳದ ನೀರಿಗೆ ಖರ್ಚು ಮಾಡುವುದು ದಂಡ. ದನ ಓಡಾಡುವ ಹೊಲದ ಮೇಲೆ ಹರಿದು ಬಂದ ಮಳೆನೀರು ಅದನ್ನು ಕಪ್ಪು ಮಾಡಿಯೇ ಮಾಡುತ್ತದೆ, ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಕುಡಿಯುವ ನೀರಿನ ಟ್ಯಾಂಕಿಗೆ ಉಳಿಸಿಕೊಳ್ಳಿ. ಚಳಿಗಾಲದಲ್ಲಿ ಬಳಸುವಾಗಲೂ ಎಚ್ಚರ ಬೇಕು. ಶೀಶೆಗೆ 30ರಿಂದ 37 ಡಿಗ್ರಿ ಬಿಸುಪಿನಲ್ಲಿ 24ರಿಂದ 48 ಗಂಟೆ ಬೇಕು, ಧನುರ್ಮಾಸದ ಹಾಸನದಲ್ಲಿ ಕಿಟಕಿ ಕಟ್ಟೆ ಮೇಲಿಟ್ಟರೆ ಕೆಟ್ಟ ನೀರೂ ಕಪ್ಪಾಗದೆ ಪಾಸಾಗಿಬಿಡಬಹುದು.

ಸೇರಿಸಬೇಕಾದ ಮೊದಲ ಸಾಮಾನು ಪಿಎಚ್ ಪೆನ್, ನೀರಿಗೆ ಅದ್ದಿದರೆ ಪಿಎಚ್ ತೋರಿಸುವಂಥದ್ದು. ಕಿಟ್‌ನ ಬಣ್ಣದ ಪಟ್ಟಿ ಎಷ್ಟಕ್ಕೆ ಮುಗಿಯುತ್ತದೆ ಎಂದು ನೋಡಿಕೊಳ್ಳಿ. ಹಸಿ ಕಾಂಕ್ರೀಟ್ ತೊಳೆದ ನೀರಿನ ಪಿಎಚ್ 12 ದಾಟುತ್ತದೆ, ಪಟ್ಟಿ ಅದಕ್ಕೂ ಮೊದಲೇ ಮುಗಿದರೆ ಪೆನ್ನೇ ಬೇಕು. ಹೊರಗೆ ಬಿಡುವ ನೀರಿಗೆ ಮಿತಿ 5.5ರಿಂದ 9. ಅಗ್ಗದ ಪೆನ್ನುಗಳನ್ನು ಹೆಚ್ಚಿನವರು 4 ಮತ್ತು 7ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಮಾಡಿಕೊಳ್ಳುತ್ತಾರೆ. ನಾವು ಹುಡುಕುತ್ತಿರುವುದು ಕ್ಷಾರದ ಕಡೆಗಿನದು, ಹಾಗಾಗಿ 7 ಮತ್ತು 10 ಬಳಸಿ. ಗಾಜಿನ ತುದಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟರೆ ಹಾಳಾಗುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲೇ ಇಡಬೇಕು.

ಟಿಡಿಎಸ್ ಪೆನ್ನು ಹಲವರ ಮನೆಯಲ್ಲಿ ಇರುತ್ತದೆ, ದಾರಿ ತಪ್ಪಿಸುವುದರಲ್ಲೂ ಅದೇ ಮುಂದು. ಅದು ನೋಡುವುದು ಕರಗಿದ ಲವಣವನ್ನು, ತೇಲುವ ಮಣ್ಣನ್ನಲ್ಲ. ಮಳೆನೀರಿನಲ್ಲಿ ಲವಣ ಕಮ್ಮಿ, ಆದ್ದರಿಂದ ಹಳ್ಳ ಕೆನ್ನೀರಾಗಿ ಉಕ್ಕುವಾಗ ಪೆನ್ನಿನ ಸಂಖ್ಯೆ ಇಳಿದು ನೀರು ಚೊಕ್ಕಟವಾಯಿತು ಎನ್ನುತ್ತದೆ.

ಎರಡನೆಯದು ಬಗ್ಗಡ ಅಳೆಯುವ ಕೊಳವೆ. 60 ಸೆಂ.ಮೀ. ಪಾರದರ್ಶಕ ಪೈಪು, ತಳದಲ್ಲಿ ಕಪ್ಪು ಗುರುತು. ಬ್ಯಾಟರಿ ಇಲ್ಲ, ಕೆಡುವಂಥದ್ದೇನೂ ಇಲ್ಲ, ಮೂರರಲ್ಲಿ ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನೇ ಕೊಳ್ಳಿ. ನೀರನ್ನು ಚೆನ್ನಾಗಿ ಕಲಕಿ ತುಂಬಿ, ನೆರಳಿನಲ್ಲಿ ನಿಂತು ಮೇಲಿಂದ ನೋಡುತ್ತಾ, ಗುರುತು ಕಾಣುವವರೆಗೆ ಸ್ವಲ್ಪಸ್ವಲ್ಪವೇ ಚೆಲ್ಲಿ. ನೀರು ನಿಂತ ಮಟ್ಟದಲ್ಲಿ ಪೈಪಿನ ಮೇಲೆ ಅಚ್ಚಾಗಿರುವ ಎನ್‌ಟಿಯು, ಅಂದರೆ ಬಗ್ಗಡದ ಅಳತೆ, ಓದಿಕೊಳ್ಳಿ. ತಳದ ಕೊನೆ ಗೆರೆಗೆ ಇಳಿದರೂ ಗುರುತು ಕಾಣದಿದ್ದರೆ ಒಂದು ಲೋಟ ಹಳ್ಳದ ನೀರಿಗೆ ಒಂಬತ್ತು ಲೋಟ ತಿಳಿನೀರು ಬೆರೆಸಿ ಮತ್ತೆ ನೋಡಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಇದು ಅಂದಾಜೇ, ಆದರೆ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಇರುವ ವ್ಯತ್ಯಾಸ ತೋರಿಸಲು ಧಾರಾಳ ಸಾಕು.

ಮೂರನೆಯ ಇಮ್‌ಹಾಫ್ ಕೋನ್ ಶಂಕುವಿನಾಕಾರದ ಒಂದು ಲೀಟರಿನ ಪಾತ್ರೆ. ತುಂಬಿ 45 ನಿಮಿಷ ಬಿಡಿ, ಅಂಚಿಗಂಟಿದ ಮಣ್ಣು ಇಳಿಯಲು ಮೆಲ್ಲಗೆ ತಿರುಗಿಸಿ, ಇನ್ನು 15 ನಿಮಿಷ ಬಿಟ್ಟು ತಳದಲ್ಲಿ ಎಷ್ಟು ಮಿ.ಲೀ. ಕೂತಿದೆ ನೋಡಿ. ನಿಜವಾದ ಪ್ರಯೋಜನ ಆ ಸಂಖ್ಯೆಗಿಂತ ಮೇಲೆ ಉಳಿದ ನೀರಿನಲ್ಲಿದೆ. ಒಂದು ಗಂಟೆಯಲ್ಲಿ ಮೇಲ್ನೀರು ತಿಳಿಯಾದರೆ ಬರುತ್ತಿರುವುದು ಮರಳು, ದಪ್ಪ ಹೂಳು, ಕಾಮಗಾರಿಯವರು ಹೂಳುಹೊಂಡ ತೋಡಿಲ್ಲ ಅಥವಾ ತೋಡಿದ್ದು ತುಂಬಿಹೋಗಿದೆ ಎಂದರ್ಥ. ಮೇಲ್ನೀರು ಚಹಾದಂತೆ ಕೆಂಪಾಗೇ ಉಳಿದರೆ ಅದು ನುಣ್ಣನೆಯ ಜೇಡಿ. ಸಣ್ಣ ಹೊಂಡದಲ್ಲಿ ಅದು ನಿಲ್ಲುವುದಿಲ್ಲ, ಬರಿಮಣ್ಣಿನ ಮೇಲೆ ಹುಲ್ಲು ಹಾಸುವುದು, ಹುಲ್ಲು ಮುಚ್ಚಿಗೆ ಹರಡುವುದು, ಹೊಂಡ ದೊಡ್ಡದು ಮಾಡುವುದು ಇವೇ ದಾರಿ. ಏನು ಮಾಡಿ ಎಂದು ಕೇಳಬೇಕೆಂಬುದು ಹೀಗೆ ಗೊತ್ತಾಗುತ್ತದೆ.

ಎಣ್ಣೆ ಪತ್ತೆಗೆ ಒಂದು ಕಡ್ಡಿ ಸಾಕು. ನೀರ ಮೇಲೆ ಕಾಮನಬಿಲ್ಲಿನ ಪೊರೆ ಕಂಡರೆ ಕಡ್ಡಿಯಿಂದ ಕೆದಕಿ. ಗಾಜಿನ ಚೂರಿನ ಹಾಗೆ ಒಡೆದು ಬೇರೆಬೇರೆಯಾಗಿ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ಜೌಗಿನಲ್ಲಿ ತಾನಾಗೇ ಆಗುವಂಥದ್ದು. ಸುರುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಡೀಸೆಲ್ಲೋ ಆಯಿಲ್ಲೋ, ಪ್ರಯೋಗಾಲಯಕ್ಕೆ ಮಾದರಿ ಹೋಗಲೇಬೇಕು. ಅದಕ್ಕೆ ಅಗಲ ಬಾಯಿಯ ಒಂದು ಲೀಟರ್ ಗಾಜಿನ ಬಾಟಲಿ ಬೇಕು. ಪ್ಲಾಸ್ಟಿಕ್ಕಾದರೆ ಎಣ್ಣೆ ಅದರ ಗೋಡೆಗೇ ಅಂಟಿ ಫಲಿತಾಂಶ ಕಮ್ಮಿ ಬರುತ್ತದೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೊದಲು ತೊಳೆಯಬಾರದು, ಬಕೆಟ್‌ನಿಂದ ಸುರಿಯಬಾರದು, ನೇರವಾಗಿ ಹಳ್ಳದಲ್ಲೇ ತುಂಬಬೇಕು. ಪಿಎಚ್ 2ಕ್ಕಿಂತ ಕೆಳಗಿಳಿಸುವ ಆಮ್ಲವನ್ನು ಪ್ರಯೋಗಾಲಯದವರಿಂದಲೇ ಪಡೆದು, ತುಂಬಿದ ಕೂಡಲೇ ಬೆರೆಸಿ ಐಸಿನಲ್ಲಿಡಿ. ಬಿಒಡಿಗೆ, ಅಂದರೆ ನೀರಿನ ಕೊಳೆಯನ್ನು ಜೀವಾಣುಗಳು ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆಗೆ, ಬೇರೆ ಬಾಟಲಿ. ಅದಕ್ಕೆ ಆಮ್ಲ ಬೇಡ, ಗಾಳಿ ಉಳಿಯದಂತೆ ಮುಟ್ಟ ತುಂಬಿ ಅಂದೇ ತಲುಪಿಸಬೇಕು. ಶುಕ್ರವಾರ ಸಂಜೆ ಮಾದರಿ ತೆಗೆಯುವ ಹುಮ್ಮಸ್ಸು ಬೇಡ.

ಹೊರಬಿಡುವ ನೀರಿಗೆ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ ಲೀಟರಿಗೆ ತೇಲುಕಣ 100 ಮಿ.ಗ್ರಾಂ., ಎಣ್ಣೆ-ಗ್ರೀಸ್ 10, ಬಿಒಡಿ 30, ಸಿಒಡಿ (ಅದೇ ಕೊಳೆಯನ್ನು ರಾಸಾಯನಿಕದಿಂದ ಕರಗಿಸಲು ಬೇಕಾಗುವ ಆಮ್ಲಜನಕ) 250. ಕುಡಿಯುವ ನೀರಿನ ಐಎಸ್ 10500 ಪಟ್ಟಿಯನ್ನು ಹಳ್ಳದ ನೀರಿಗೆ ಹೋಲಿಸಿ ಗಲಾಟೆ ಮಾಡಬೇಡಿ, ಆ ಪಟ್ಟಿಯ ಬಗ್ಗಡ ಮಿತಿ 1ರಿಂದ 5 ಎನ್‌ಟಿಯು, ಮಳೆಗಾಲದಲ್ಲಿ ಯಾವ ಹಳ್ಳವೂ ಅದರೊಳಗೆ ನಿಲ್ಲುವುದಿಲ್ಲ. ಅಗ್ನಿಶಾಮಕ ನೊರೆಯ ಫ್ಲೋರಿನ್ ರಾಸಾಯನಿಕಗಳು ಯಾವ ಕಿಟ್‌ಗೂ ಸಿಗವು. ಅದಕ್ಕೆ ದೊಡ್ಡ ಪ್ರಯೋಗಾಲಯದ ಯಂತ್ರವೇ ಬೇಕು, ದುಬಾರಿ. ನೊರೆ ಅಭ್ಯಾಸ ಎಲ್ಲಿ ಮಾಡುತ್ತಾರೆ, ಅಲ್ಲಿಯ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಲಿಖಿತವಾಗಿ ಕೇಳುವುದು ಅದಕ್ಕಿಂತ ಅಗ್ಗ.

ಸಾಮಾನು ಎಷ್ಟೇ ಚೆನ್ನಾಗಿದ್ದರೂ ಹೊತ್ತು ತಪ್ಪಿದರೆ ವ್ಯರ್ಥ. ಭರಣಿ, ಕೃತ್ತಿಕೆಯ ಮೊದಲ ಬಿರುಮಳೆ ತಿಂಗಳುಗಟ್ಟಲೆ ಕೂತ ಕೊಳೆಯನ್ನೆಲ್ಲ ಒಟ್ಟಿಗೆ ತರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೈಗಾರಿಕಾ ಮಳೆನೀರಿಗೆ ಇಟ್ಟಿರುವ ಕ್ರಮ ಇಲ್ಲಿಗೂ ಒಪ್ಪುತ್ತದೆ. ಹಿಂದಿನ ಮಳೆಯಾಗಿ 72 ಗಂಟೆ ಕಳೆದಿರಬೇಕು, ನೀರು ಹರಿಯಲು ಶುರುವಾದ 30 ನಿಮಿಷದೊಳಗೆ ಮಾದರಿ ತೆಗೆಯಬೇಕು. ಆರಿದ್ರಾದ ಸೋನೆ ನಾಲ್ಕು ದಿನ ಹಿಡಿದ ಮೇಲೆ ತೆಗೆದರೆ ಎಲ್ಲವೂ ತೆಳುವಾಗಿರುತ್ತದೆ. 2 ಕಿ.ಮೀ. ಉದ್ದ, 30 ಮೀ. ಅಗಲದ ರನ್‌ವೇ ಎಂದಿಟ್ಟುಕೊಂಡರೆ ಒಂದು ಸೆಂ.ಮೀ. ಮಳೆಗೆ ಅದೊಂದರಿಂದಲೇ ಆರು ಲಕ್ಷ ಲೀಟರ್ ನೀರು.

ಮೂರು ಜಾಗ ಬೇಕು: ಕಾಮಗಾರಿಗಿಂತ ಮೇಲೆ ಹಳ್ಳದಲ್ಲಿ, ಚರಂಡಿ ಬಂದು ಸೇರುವ ಮೋರಿಯ ಬಾಯಲ್ಲಿ, ಅಲ್ಲಿಂದ ಕೆಳಗೆ ಕೆರೆ ಸೇರುವಲ್ಲಿ. ಮೇಲಿನ ಮಾದರಿ ಇಲ್ಲದ ವರದಿಗೆ ಬೆಲೆಯಿಲ್ಲ, ಮಣ್ಣು ಹೊಲದ್ದು ಎಂದುಬಿಡುತ್ತಾರೆ. ಎಲ್ಲವನ್ನೂ ಸಾರ್ವಜನಿಕ ರಸ್ತೆ, ಹಳ್ಳದ ಕಡೆಯಿಂದಲೇ ತೆಗೆಯಿರಿ, ಮೋರಿಯೊಳಗೆ ಇಳಿಯಬೇಡಿ.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅನುಮತಿ ಪಡೆದ ಯೋಜನೆಯವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ. ಅದರಲ್ಲಿ ನೀರಿನ ಮಾದರಿ ತೆಗೆದ ದಿನಾಂಕ ನೋಡಿ, ಮಳೆ ಬಂದ ದಿನಗಳನ್ನು ನೀವು ಬರೆದಿಟ್ಟ ಪುಸ್ತಕದ ಪಕ್ಕ ಇಟ್ಟುಕೊಳ್ಳಿ. ಬಿಸಿಲಲ್ಲಿ ತೆಗೆದ ಮಾದರಿ ಮಳೆನೀರಿನ ಬಗ್ಗೆ ಏನೂ ಹೇಳುವುದಿಲ್ಲ.

ಕಿಟ್ ಬಗ್ಗೆ ಕಡೆಯದಾಗಿ ಒಂದು ತಕರಾರು: ಔಷಧಿ ಮುಗಿದ ಮೇಲೆ ಬಿಡಿಯಾಗಿ ಸಿಗುವುದು ಕಷ್ಟ. ಒಂದು ಕಂಪನಿಯ ದ್ರಾವಣವನ್ನು ಇನ್ನೊಂದರ ಬಣ್ಣದ ಪಟ್ಟಿಗೆ ಹೊಂದಿಸಬಾರದು. ಶೀಶೆಯ ಮೇಲಿನ ಅವಧಿ ಮುಗಿದಿದ್ದರೆ ಪಂಚಾಯ್ತಿಯಲ್ಲಿ ಹೊಸದಕ್ಕೆ ಬರೆದುಕೊಡಿ, ಬರುವವರೆಗೆ ಕೊಳವೆ, ಕೋನ್, ಪೆನ್ ಮೂರರಲ್ಲೇ ಕೆಲಸ ನಡೆಸಿ.