ಕೊ ತಾವೊದ ಡೈವ್‌ಮಾಸ್ಟರ್ ಕೋರ್ಸ್: ಅಂಗಡಿಗೆ ಐದಕ್ಕೆ ಮೂರು, ಮೇಡಂಗೆ ಐದಕ್ಕೆ ಐದು

ನಾನು ಶಿವಮೊಗ್ಗದಲ್ಲಿ ಈಜು ಕಲಿಸುತ್ತೇನೆ. ಜನವರಿಯಿಂದ ಮಾರ್ಚ್‌ವರೆಗೆ ಮಕ್ಕಳಿಗೆ ಪರೀಕ್ಷೆ ಗಲಾಟೆ, ಕೊಳ ಖಾಲಿ ಹೊಡೆಯುತ್ತದೆ. ಏಪ್ರಿಲ್ ಬಂದರೆ ಬೇಸಿಗೆ ಶಿಬಿರ, ಕೂರೋಕೂ ಪುರುಸೊತ್ತಿರುವುದಿಲ್ಲ. 2025ರಲ್ಲಿ ಆ ಖಾಲಿ ತಿಂಗಳುಗಳನ್ನೇ ಹಿಡಿದುಕೊಂಡು ಥಾಯ್ಲೆಂಡಿನ ಕೊ ತಾವೊ ದ್ವೀಪಕ್ಕೆ ಹೋದೆ. 57 ದಿನ ಇದ್ದು, ಪಾಡಿ ಅನ್ನುವ ಸ್ಕೂಬಾ ತರಬೇತಿ ಸಂಸ್ಥೆಯ ಡೈವ್‌ಮಾಸ್ಟರ್ ಕೋರ್ಸ್ ಮುಗಿಸಿ ಬಂದೆ. ಸ್ಕೂಬಾದಲ್ಲಿ ದುಡ್ಡು ತಗೊಂಡು ಕೆಲಸ ಮಾಡಬೇಕಂದರೆ ಹತ್ತಬೇಕಾದ ಮೊದಲ ಮೆಟ್ಟಿಲು ಅದು.

ಮುರುಡೇಶ್ವರದಲ್ಲೇ ಯಾಕೆ ಮಾಡಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಮೊದಲ ಡೈವ್ ಅಲ್ಲಿನ ನೇತ್ರಾಣಿ ದ್ವೀಪದ್ದೇ, ಆ ನೀರಿನ ಮೇಲೆ ಈಗಲೂ ಪ್ರೀತಿ. ಆದರೆ ಅಲ್ಲಿಗೆ ದೋಣಿಯಲ್ಲೇ ಗಂಟೆ ಮೇಲಾಗುತ್ತದೆ, ಮಳೆಗಾಲದಲ್ಲಿ ಎಲ್ಲ ಬಂದ್. ಡೈವ್‌ಮಾಸ್ಟರ್ ಕೋರ್ಸ್ ಶುರು ಮಾಡೋಕೆ ಲಾಗ್‌ಬುಕ್‌ನಲ್ಲಿ 40 ಡೈವ್ ಇರಬೇಕು, ಪಾಸಾದ ಕಾರ್ಡು ಕೈಗೆ ಬರೋಕೆ 60. ನನ್ನ ಹತ್ತಿರ ಇದ್ದದ್ದು 14. ವಾರಕ್ಕೊಮ್ಮೆ ಬಸ್ ಹತ್ತಿ ಮುರುಡೇಶ್ವರಕ್ಕೆ ಹೋಗಿದ್ದರೆ ಎರಡು ಸೀಸನ್ ಬೇಕಾಗುತ್ತಿತ್ತು. ಕೊ ತಾವೊದಲ್ಲಿ ಡೈವ್ ಜಾಗಗಳು ಹತ್ತಿರ ಹತ್ತಿರ. ಬೆಳಗ್ಗೆ ಎರಡು, ಮಧ್ಯಾಹ್ನ ಎರಡು ಮುಳುಗಬಹುದು. ಇಡೀ ದ್ವೀಪವೇ ಇಪ್ಪತ್ತೊಂದು ಚದರ ಕಿಲೋಮೀಟರ್, ಅಷ್ಟರಲ್ಲಿ ಡೈವಿಂಗ್ ಕಲಿಸುವ, ಕರೆದುಕೊಂಡು ಹೋಗುವ ಡೈವ್ ಅಂಗಡಿ ಹತ್ತಾರು.

ನನಗೆ ಗೊತ್ತಿಲ್ಲದೆ ಎಡವಿದ್ದು ಲೆಕ್ಕದಲ್ಲಿ. ನಾನು ಸೇರಿದ ಅಂಗಡಿಯವರು ಕೋರ್ಸಿಗೆ ಹೇಳಿದ್ದು 38,000 ಬಾತ್. ಆಗ ಒಂದು ಬಾತ್‌ಗೆ ಎರಡೂವರೆ ರೂಪಾಯಿ ಹತ್ತಿರ ಇತ್ತು, ಪರವಾಗಿಲ್ಲ ಅಂದುಕೊಂಡೆ. ಹೋದ ಮೇಲೆ ಒಂದೊಂದೇ ಹೊರಬಂತು. ಪಾಡಿಯ ಪಾಠದ ಸಾಮಗ್ರಿ ಬೇರೆ, ಕೊನೆಗೆ ಕಾರ್ಡಿನ ಅರ್ಜಿ ಶುಲ್ಕ ಬೇರೆ. ರೆಸ್ಕ್ಯೂ ಡೈವರ್ ಮತ್ತು ಪ್ರಥಮ ಚಿಕಿತ್ಸೆ ಕೋರ್ಸ್ ಮೊದಲೇ ಮುಗಿದಿರಬೇಕು. ನನ್ನದು ಆಗಿರಲಿಲ್ಲ, ಅದಕ್ಕೂ ದುಡ್ಡು. ಫ್ಯಾನ್ ರೂಮಿಗೆ ತಿಂಗಳಿಗೆ 9,000 ಬಾತ್. ವಿಮಾನ, ಊಟ, ಇನ್ಶೂರೆನ್ಸ್, ಸ್ವಂತಕ್ಕೆ ಅಂತ ತಗೊಂಡ ಮಾಸ್ಕ್, ಫಿನ್ಸ್, ಡೈವ್ ಕಂಪ್ಯೂಟರ್ ಎಲ್ಲ ಸೇರಿ ಮೂರೂವರೆ ಲಕ್ಷ ಮುಟ್ಟಿತು. ಅಮ್ಮನಿಗೆ ಎರಡು ಅಂತ ಹೇಳಿದ್ದೇನೆ.

ನಾನು ಹೋದಾಗ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಡುತ್ತಿದ್ದರು. ನೀವು ಹೊರಡುವ ಮುಂಚೆ ಹೊಸದಾಗಿ ವಿಚಾರಿಸಿ. ಡಾಕ್ಟರ್ ಸಹಿ ಮಾಡಿದ ಫಿಟ್‌ನೆಸ್ ಪತ್ರವೂ ಬೇಕು. ನಮ್ಮೂರ ಡಾಕ್ಟರ್ ಆ ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿ, "ನೀರೊಳಗೆ ಹೋಗೋಕೆ ನಾನ್ಯಾಕಮ್ಮ ಸಹಿ ಹಾಕ್ಬೇಕು?" ಅಂತ ನಕ್ಕರು. ನಕ್ಕರೂ ಕಿವಿ, ಎದೆ ಎಲ್ಲ ಸರಿಯಾಗಿ ನೋಡಿಯೇ ಹಾಕಿದರು.

ಬ್ಯಾಂಕಾಕ್‌ನಿಂದ ರಾತ್ರಿ ಬಸ್ಸಲ್ಲಿ ಚುಂಪೋನ್, ಅಲ್ಲಿಂದ ಎರಡು ಗಂಟೆ ದೋಣಿ. ವಾಂತಿ ಮಾತ್ರೆ ಮರೀಬೇಡಿ.

ಈಜು ಕೋಚ್ ಅಲ್ವಾ, ನೀರಿನ ಪರೀಕ್ಷೆ ನನಗೆ ಸಲೀಸು ಅಂತ ಕೊಬ್ಬು ಇತ್ತು. 400 ಮೀಟರ್ ಈಜು, 15 ನಿಮಿಷ ತೇಲುವುದು, ಇವೆಲ್ಲ ನಿಜಕ್ಕೂ ಸಲೀಸಾಗಿಯೇ ಆಯಿತು. ಕೊಬ್ಬು ಇಳಿದಿದ್ದು ಕೆಳಗೆ ಹೋದ ಮೇಲೆ. ಟ್ಯಾಂಕಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಹೇಳುವ ಮೀಟರ್ ಎಲ್ಲರದೂ 100 ಬಾರ್ ತೋರಿಸುವಾಗ ನನ್ನದು 50. ನನ್ನಿಂದಾಗಿ ಗುಂಪೇ ಮೇಲೆ ಬರಬೇಕಾಗುತ್ತಿತ್ತು. ನಮಗೆ ಕಲಿಸುತ್ತಿದ್ದ ಇನ್‌ಸ್ಟ್ರಕ್ಟರ್ ಮೇಡಂ ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ ದೋಣಿಯಲ್ಲಿ ನನ್ನ ಎರಡೂ ಕೈ ಹಿಡಿದು ಎದೆ ಮೇಲೆ ಮಡಚಿ ಇಟ್ಟು, "ಇವತ್ತು ಇವು ಇಲ್ಲೇ ಇರಲಿ" ಅಂದರು. ಈಜುಗಾರರಿಗೆ ಕೈ ಸುಮ್ಮನಿರುವುದಿಲ್ಲ, ಕೈ ಬೀಸಿದಷ್ಟೂ ಗಾಳಿ ಖರ್ಚು. ಮೇಲೆ ತೇಲದಿರಲಿ ಅಂತ ಸೊಂಟಕ್ಕೆ ಕಟ್ಟಿದ್ದ ಏಳು ಕಿಲೋ ಸೀಸದಲ್ಲಿ ಮೂರು ತೆಗೆಸಿದರು. ತಿಂಗಳಾಗುವಷ್ಟರಲ್ಲಿ ನಾನೂ 90 ಬಾರ್ ಉಳಿಸಿಕೊಂಡು ಬರುತ್ತಿದ್ದೆ. ಹದಿನಾಲ್ಕು ವರ್ಷ ಮಕ್ಕಳಿಗೆ "ಕೈ ಬೀಸು, ಕೈ ಬೀಸು" ಅಂತ ಕೂಗಿದವಳು ನಾನು.

ಒಂದು ಪರೀಕ್ಷೆ ಬಗ್ಗೆ ಹೇಳಲೇಬೇಕು. ಇಬ್ಬರು ಕೊಳದ ತಳದಲ್ಲಿ ಕೂತು, ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ಒಂದೇ ರೆಗ್ಯುಲೇಟರ್‌ನಲ್ಲಿ ಸರದಿ ಮೇಲೆ ಉಸಿರಾಡಬೇಕು. ಹಾಗೆ ಉಸಿರು ಹಂಚಿಕೊಂಡೇ ಮಾಸ್ಕ್, ಫಿನ್ಸ್, ಗಾಳಿ ತುಂಬುವ ಜಾಕೆಟ್ ಎಲ್ಲ ಅದಲು ಬದಲು ಮಾಡಿಕೊಳ್ಳಬೇಕು. ನನ್ನ ಜೋಡಿ ಆರಡಿ ಮೇಲಿದ್ದ ಡಚ್ ಹುಡುಗ. ಅವನ ಫಿನ್ಸ್ ನನ್ನ ಕಾಲಿಗೆ ತಪ್ಪಲೆ ಹಾಕಿದ ಹಾಗಿತ್ತು, ಅವನ ಮಾಸ್ಕ್ ನನ್ನ ಮುಖದಲ್ಲಿ ನಿಲ್ಲದೆ ನೀರು ತುಂಬುತ್ತಿತ್ತು. ಎರಡು ಉಸಿರು ನನಗೆ, ಎರಡು ಅವನಿಗೆ. ಅವನು ನನ್ನ ಜಾಕೆಟ್‌ನಲ್ಲಿ ಒಂದು ತೋಳು ತೂರಿಸಿ ಸಿಕ್ಕಿಹಾಕಿಕೊಂಡ. ನಗು ಬಂತು, ನಕ್ಕಿದ್ದಕ್ಕೆ ನೀರು ಕುಡಿದೆ. ಐದಕ್ಕೆ ಮೂರು ಅಂಕ ಕೊಟ್ಟು ಪಾಸು ಮಾಡಿದರು.

ಕೆಲಸ ಕಲಿಸುವ ವಿಷಯದಲ್ಲಿ ಮೇಡಂಗೆ ಸಾಟಿಯಿಲ್ಲ. ವೈಟ್ ರಾಕ್ ಅನ್ನುವ ಡೈವ್ ಜಾಗದಲ್ಲಿ ನಾನು ಮೊದಲ ಸಲ ಗುಂಪನ್ನು ಮುಂದೆ ನಿಂತು ಕರೆದುಕೊಂಡು ಹೋದಾಗ, ಎದುರಿಗೆ ಟೈಟನ್ ಟ್ರಿಗರ್ ಮೀನು ಗೂಡು ಕಾಯುತ್ತಿತ್ತು. ಆ ಮೀನು ತನ್ನದು ಅಂತ ಕಾಯುವ ಜಾಗ ಲಾಳಿಕೆಯ ಬಾಯಿಯ ಹಾಗೆ ಮೇಲೆ ಹೋದಂತೆ ಅಗಲವಾಗುತ್ತದೆ. ಹೆದರಿ ಮೇಲೆ ಏರಿದರೆ ಅದರ ಜಾಗದೊಳಗೇ ಇರುತ್ತೀರಿ. ಅಡ್ಡಕ್ಕೆ ಸರಿಯಬೇಕು. ಓದಿಕೊಂಡಿದ್ದೆ, ಆದರೂ ಕೈ ಮೇಲಕ್ಕೇ ತೋರಿಸಿತು. ನನ್ನ ಫಿನ್ಸ್ ಅಂಚಿನಲ್ಲಿ ಅದರ ಹಲ್ಲಿನ ಗುರುತು ಈಗಲೂ ಇದೆ. ದೋಣಿಗೆ ಬಂದ ಮೇಲೆ ಮೇಡಂ ಬೈಯಲಿಲ್ಲ. "ಮೀನು ಬಂದಾಗ ಹಿಂದಿದ್ದ ನಾಲ್ಕು ಜನರಲ್ಲಿ ಯಾರ ಕಣ್ಣು ದೊಡ್ಡದಾಗಿತ್ತು?" ಅಂತ ಕೇಳಿದರು. ನಾನು ಹಿಂದೆ ತಿರುಗಿಯೇ ನೋಡಿರಲಿಲ್ಲ. ಮಾರನೇ ದಿನ ಅದೇ ಜಾಗ, ಅದೇ ಕೆಲಸ ಮತ್ತೆ ಕೊಟ್ಟರು.

ಈಗ ಅಂಗಡಿಯ ಮೇಲಿನ ದೂರು. "ಎಷ್ಟು ಬೇಕಾದರೂ ಡೈವ್" ಅಂತ ಹೇಳಿ ಸೇರಿಸಿಕೊಂಡರು. ದುಡ್ಡು ಕೊಟ್ಟ ಪ್ರವಾಸಿಗರು ಹತ್ತಿ ಜಾಗ ಉಳಿದರೆ ಮಾತ್ರ ನಾವು, ಅನ್ನುವುದು ಅಲ್ಲಿ ಹೋದ ಮೇಲೆ ತಿಳಿಯಿತು. ಫೆಬ್ರವರಿಯಲ್ಲಿ ದಿನವೂ ದೋಣಿ ತುಂಬಿರುತ್ತಿತ್ತು. ಟ್ಯಾಂಕ್ ಹೊತ್ತು ದೋಣಿಗೆ ಏರಿಸಿ, ಅದು ಹೋಗುವುದನ್ನು ದಡದಲ್ಲಿ ನಿಂತು ನೋಡಿದ ದಿನಗಳಿವೆ. ಟ್ಯಾಂಕ್ ಹೊರುವುದೂ ಕಲಿಕೆಯೇ, ಒಪ್ಪುತ್ತೇನೆ, ಆದರೆ ಐದು ದಿನ ಅದೊಂದೇ ಅಂದರೆ ಕೂಲಿ. ಮೇಡಂ ಒಬ್ಬರ ಕೈಕೆಳಗೇ ಒಂಬತ್ತು ಜನ ಕಲಿಯುವವರು. ಕೋರ್ಸಿಗೆ ಅಂತ ನಾನು ಡೈವ್ ಜಾಗದ ನಕ್ಷೆ ಬಿಡಿಸಬೇಕಿದ್ದ ಕೆಲಸ ಮುಂದೆ ಮುಂದೆ ಹೋಗಿ, ಕೊನೆಯ ಡೈವ್ ವಿಮಾನಕ್ಕೆ ಹಿಂದಿನ ದಿನದವರೆಗೂ ಬಂತು. ಸತತವಾಗಿ ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಗಂಟೆ ಎಣಿಸಿಕೊಂಡೇ ದ್ವೀಪ ಬಿಟ್ಟೆ.

ಊಟಕ್ಕೆ ತೊಂದರೆಯಿಲ್ಲ. ಮೀನು ತಿನ್ನದವರು "ಜೇ" ಅನ್ನುವ ಪದ ಕಲಿತುಕೊಳ್ಳಿ, ಇಲ್ಲದಿದ್ದರೆ ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಕೋರ್ಸ್ ಮುಗಿದ ರಾತ್ರಿ ಉಸಿರಾಡುವ ಕೊಳವೆ ಸ್ನಾರ್ಕೆಲ್‌ನಲ್ಲಿ ಹೆಂಡ ಕುಡಿಸುವ ಪದ್ಧತಿ ಇದೆ. ನಾನು ಬೇಡ ಅಂದೆ, ನಿಂಬೆ ಸೋಡಾಗೆ ಖಾರದ ಸಾಸ್ ಸುರಿದು ಕೊಟ್ಟರು. ತಿಮಿಂಗಿಲ ಶಾರ್ಕ್ ಒಂದೂ ಕಾಣಲಿಲ್ಲ.

ಈ ಕಾರ್ಡಿನಿಂದ ಹೊಸಬರಿಗೆ ನಾನೇ ಪೂರ್ತಿ ಕೋರ್ಸ್ ಕಲಿಸೋಕೆ ಆಗುವುದಿಲ್ಲ, ಅದಕ್ಕೆ ಇನ್‌ಸ್ಟ್ರಕ್ಟರ್ ಆಗಬೇಕು. ಕಲಿತವರನ್ನು ಕರೆದುಕೊಂಡು ಹೋಗಬಹುದು, ಕಲಿಸುವವರಿಗೆ ನೆರವಾಗಬಹುದು. ನೀವು ಹೋಗುವುದಾದರೆ ಅಂಗಡಿಯವರಿಗೆ ಮೊದಲೇ ಬರೆದು ಕೇಳಿ: ನನಗೆ ಕಲಿಸುವವರು ಯಾರು, ಅವರ ಕೈಕೆಳಗೆ ಎಷ್ಟು ಜನ, ದೋಣಿ ತುಂಬಿದರೆ ನನ್ನ ಗತಿ ಏನು.

ಅಂಗಡಿ ಹೆಸರು ಕೇಳಿ ತುಂಬಾ ಜನ ಮೆಸೇಜ್ ಮಾಡಿದ್ದಾರೆ. ಹೇಳಿ ಪ್ರಯೋಜನ ಇಲ್ಲ. ಹೋದ ತಿಂಗಳು ಮೇಡಂ ಕೆಲಸ ಬಿಟ್ಟು ಈಜಿಪ್ಟಿನ ದಹಾಬ್‌ಗೆ ಹೋದರಂತೆ.